ಕಮೋಡಿಗೆ ಇಳಿದ ನೀಲಿ

ಕಾಸರಕೋಡಿನ ಲಾಡ್ಜಿನವರು ಮೀನುಗಾರರ ಕೇರಿಗೆ ಬಿಟ್ಟಿದ್ದ ನಲ್ಲಿಗೆ ಶಿವರಾತ್ರಿ ಕಳೆದ ಮಾರನೇ ದಿನ ಬೀಗ ಹಾಕಿದರು.

ಬಾವಿ ತೋಡುವಾಗ ಕೇರಿಗೂ ನೀರು ಕೊಡುತ್ತೇವೆಂದು ಮಾತು ಕೊಟ್ಟವರು ಅವರೇ. ಹೊಳೆ ಕಡಲಿಗೆ ಸೇರುವ ಅಳಿವೆ ಪಕ್ಕದ ಕೇರಿ; ಬೇಸಗೆ ಬಂತೆಂದರೆ ಮನೆಬಾವಿಗಳಿಗೆಲ್ಲ ಉಪ್ಪುನೀರು ನುಗ್ಗುತ್ತದೆ. "ನಮ್ಮ ಗಂಜಿಗೆ ಬೇರೆ ಉಪ್ಪು ಹಾಕೂದೇ ಬೇಡ" ಎಂದು ದುರ್ಗಿ ನಗಾಡುತ್ತಿದ್ದಳು. ಸುಚಿತಾಳಿಗೆ ನಗು ಬರುತ್ತಿರಲಿಲ್ಲ. ಬೆಳಗಾದರೆ ಹೈವೇ ದಾಟಿ ಕೊಡ ಹೊತ್ತು ತರಬೇಕು, ಆಮೇಲೆ ಇದೇ ಲಾಡ್ಜಿಗೆ ಬಂದು ಕಂಡವರ ಪಾಯಿಖಾನೆ ತಿಕ್ಕಬೇಕು. ಇಬ್ಬರದೂ ಅದೇ ಕೆಲಸ.

ಮ್ಯಾನೇಜರ್ ರಮಾನಂದನದು ಒಂದೇ ಮಾತು. "ನಾಲ್ಕು ಮಾಳಿಗೆಗೇ ನೀರು ಸಾಲೂದಿಲ್ಲ. ಶುಕ್ರವಾರ ಧಣಿಗಳು ಬರ್ತಾರೆ. ಕೇರಿಯವರೂ ಬಂದು ತಾರಸಿ ಮೇಲಿನ ಖಾಲಿ ಟ್ಯಾಂಕು ನೋಡ್ಕಂಡು ಹೋಗ್ಲಿ."

ಆ ಶುಕ್ರವಾರವೇ ದುರ್ಗಿ ಎಡವಟ್ಟು ಮಾಡಿಕೊಂಡಳು. ಒಂದು ಕೋಣೆಯಲ್ಲಿ ಜಿರಲೆ ಹೊಡೆಯಲೆಂದು ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದವಳು, ಬಿಳಿ ಚಾದರಕ್ಕೆ ಹಾಕುವ ನೀಲಿಯ ಬಾಟಲಿಯನ್ನು ಅದರ ಅಂಚಿಗಿಟ್ಟಳು. ಮೊಣಕೈ ತಾಗಿತು, ನೀಲಿ ಒಳಗೆ ಚೆಲ್ಲಿತು.

"ಅಯ್ಯೋ, ನನ್ನ ಸಂಬಳಕ್ಕೆ ಕತ್ತರಿ!"

"ಬೊಬ್ಬೆ ಹೊಡೀಬೇಡ ದುರ್ಗಕ್ಕ, ಆಮೇಲೆ ತೊಳೆದ್ರೆ ಆತು" ಎಂದಳು ಸುಚಿತಾ.

ಹಾಸಿಗೆ ಸರಿಮಾಡಿ ಬಂದು ನೋಡುತ್ತಾರೆ, ಯಾರೂ ಫ್ಲಶ್ ಒತ್ತಿಲ್ಲ, ಆದರೂ ಕಮೋಡಿನ ಬಿಳಿ ಮೈಮೇಲೆ ನೀಲಿ ಗೆರೆ ಇಳಿಯುತ್ತಿದೆ! ಸದ್ದಿಲ್ಲ, ಸುಳಿವಿಲ್ಲ. ತಳದ ನೀರೆಲ್ಲ ನೀಲಿ.

ಸುಚಿತಾ ಬಗ್ಗಿ ಆ ಗೆರೆಗೆ ಬೆರಳಿಟ್ಟಳು. "ದುರ್ಗಕ್ಕ, ಟ್ಯಾಂಕು ಸೋರ್ತಾ ಅದೆ! ಹಗಲೂ ರಾತ್ರಿ ಸೋರ್ತಾ ಅದೆ! ಇದೇ ನಮ್ಮ ನೀರು ಮಾರಾಯ್ತಿ!"

"ಉಳಿದ ಕೋಣೆದು?"

"ಬಾರೆ, ನೋಡೇ ಬಿಡೂದು!"

ಇಬ್ಬರೂ ಸೀರೆ ಎತ್ತಿಕಟ್ಟಿ ಓಡಿದರು. ಜನವಿಲ್ಲದ ಕೋಣೆ ಕೋಣೆಗೂ ನುಗ್ಗಿ ಟ್ಯಾಂಕಿಗಿಷ್ಟು ನೀಲಿ ಹಾಕಿದರು, ತಿರುಗಿ ಬಂದು ಇಣುಕಿದರು.

"ಇಲ್ಲೂ ಬಂತು!"

"ಇಲ್ಲೂ!"

"ಇದ್ರಲ್ಲಿ ಇಲ್ಲ ಕಾಣೆ. ಪಾಪ, ಇದೊಂದು ಮರ್ಯಾದಸ್ಥ!"

ಮೆಟ್ಟಿಲಲ್ಲೇ ಇಬ್ಬರೂ ಬಿದ್ದು ಬಿದ್ದು ನಕ್ಕರು. ಸುಚಿತಾ ಹತ್ತಿರದ ಮಂಕಿ ಊರಿನ ಪ್ಲಂಬರ್ ಭಾಸ್ಕರನಿಗೆ ಫೋನು ಹಚ್ಚಿದಳು. ಅವನು ಬೈಕಿನಲ್ಲಿ ಹಾರಿಕೊಂಡು ಬಂದು ಒಂದು ಟ್ಯಾಂಕಿನೊಳಗೆ ಕೈಯಿಟ್ಟ.

"ನೀರು ತಡೆಯೂ ತಳದ ರಬ್ಬರು ಹಪ್ಪಳ ಆಗಿ ಅದೆ. ಆಗಾಗ ಬದಲ್ಸಿ ಅಂತ ರಮಾನಂದ್ರಿಗೆ ಎಷ್ಟು ಸಲ ಹೇಳಿದ್ದೆ! 'ಸೋರೂದು ಯಾರ ಕಣ್ಣಿಗೆ ಕಾಣ್ತದೆ ಮಾರಾಯ' ಅಂದ್ರು."

ಹೊಸ ರಬ್ಬರು ಕೂಡಿಸಿದ. ಫ್ಲಶ್ ಒತ್ತಿ ತೊಳೆದು, ಮತ್ತೆ ನೀಲಿ ಹಾಕಿ, ಮೂವರೂ ಉಸಿರು ಬಿಗಿಹಿಡಿದು ಕಮೋಡಿನ ಮೇಲೆ ಬಗ್ಗಿ ನಿಂತರು. ಬಿಳಿ ಬಿಳಿಯಾಗಿಯೇ ಇತ್ತು.

"ನಿಂತಿತು!" ಎಂದು ಕೂಗಿದಳು ಸುಚಿತಾ. ಇಷ್ಟು ದಿನ ಹೊತ್ತ ಕೊಡಗಳೆಲ್ಲ ಒಮ್ಮೆಲೇ ತಲೆಯಿಂದ ಇಳಿದ ಹಾಗಾಯಿತು. ಬಡವರ ನಲ್ಲಿಗೆ ಹಾಕಲು ಲಾಡ್ಜಿನವರ ಹತ್ತಿರ ಬೀಗ ಇತ್ತು. ತಮ್ಮ ಕಮೋಡಿಗೆ ಹಾಕಲು ರಬ್ಬರು ಇರಲಿಲ್ಲ.

ಕೂಗು ಕೇಳಿ ರಮಾನಂದ ಏದುಸಿರು ಬಿಡುತ್ತ ಮೇಲೆ ಬಂದ. ಒಂದು ಕೋಣೆಗೆ ಇಣುಕಿದ, ಇನ್ನೊಂದಕ್ಕೆ ಇಣುಕಿದ. ನೀಲಿ ಕಮೋಡು, ಹಳೇ ರಬ್ಬರು ಹಿಡಿದು ನಿಂತ ಭಾಸ್ಕರ; ನೋಡಿದ್ದೇ ಮುಖ ಬಿಳಚಿತು. ಕೆಳಗೆ ಗೇಟಿನಲ್ಲಿ ಕೇರಿಯ ಹೆಂಗಸರ ಗದ್ದಲ ಆಗಲೇ ಕೇಳುತ್ತಿತ್ತು.

"ಧಣಿಗಳ ಕಾರು ಶರಾವತಿ ಸೇತುವೆ ದಾಟ್ತಂತೆ. ಹೋಗಿ, ಎಲ್ಲಾ ಫ್ಲಶ್ ಒತ್ತಿ ಬನ್ನಿ. ಒಂದು ಹನಿ ನೀಲಿ ಕಾಣಬಾರ್ದು."

ಸುಚಿತಾ ಕೋಣೆಗಳ ಬಾಗಿಲು ಒಂದೊಂದಾಗಿ ಎಳೆದು ಕೀಲಿ ತಿರುಗಿಸಿದಳು.

"ಎಂತ ಮಾಡ್ತೆ ನೀನು?"

"ನೋಡೂಕೆ ಬನ್ನಿ ಅಂತ ಕೇರಿಯವ್ರನ್ನ ಕರೆದದ್ದು ನೀವೇ ಅಲ್ವಾ ಸಾಹೇಬ್ರೆ? ನೋಡ್ಲಿ. ಧಣಿಗಳೂ ನೋಡ್ಲಿ."

"ಕೆಲಸ ಬೇಕಾ ಬೇಡ್ವಾ ನಿಂಗೆ?"

"ಬೇಕು. ನೀರೂ ಬೇಕು."

"ಬಾಯಿ ಸಾಕು. ಕೀಲಿ ಕೊಡು ಇಲ್ಲಿ!"

ಅವಳು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಬಿಗಿದು, ಮೆಟ್ಟಿಲ ಬಾಯಿಗೇ ಕೂತಳು.

"ಕೊಡೂದಿಲ್ಲ."