ಕೈ ಕುಲುಕದ ಯರ್ರೆಪ್ಪ

ಯರ್ರೆಪ್ಪ ಯಾರ ಕೈಯನ್ನೂ ಕುಲುಕುವುದಿಲ್ಲ. ದೇಶದೇಶಗಳ ಪ್ರತಿನಿಧಿಗಳ ಎದುರು ಕೂತು ಸುಂಕ, ಆಮದು, ರಫ್ತುಗಳ ಮಾತಾಡುವುದನ್ನೇ ಉದ್ಯೋಗ ಮಾಡಿಕೊಂಡ, ದೆಹಲಿಯಲ್ಲಿ ವಾಣಿಜ್ಯ ಖಾತೆಯ ಹಿರಿಯ ಅಧಿಕಾರಿಯಾಗಿ ತಲೆ ನರೆಸಿಕೊಂಡ ಮನುಷ್ಯನಿಗೆ ಇದು ಸಣ್ಣ ವೈಚಿತ್ರ್ಯವೇನಲ್ಲ. ಎದುರಿನವರು ನಗುತ್ತ ಕೈ ಚಾಚಿದರೆ ಇವನು ಅಷ್ಟು ದೂರದಲ್ಲೇ ನಿಂತು, ಎರಡೂ ಕೈ ಜೋಡಿಸಿ, ಗದ್ದ ಎದೆಗೆ ಮುಟ್ಟುವಷ್ಟು ತಲೆ ಬಗ್ಗಿಸುತ್ತಿದ್ದ. ಹೊರದೇಶದವರು ಇವನನ್ನು ಮಹಾ ದೈವಭಕ್ತನೆಂದು ತಿಳಿದರು. ದೆಹಲಿಯವರು ಮಹಾ ಮಡಿವಂತನೆಂದು ಬೆನ್ನ ಹಿಂದೆ ನಕ್ಕರು. ಸಾಂಕ್ರಾಮಿಕದ ಆ ವರ್ಷಗಳಲ್ಲಿ ಎಲ್ಲರೂ ಸೇರಿ ಮಹಾ ದೂರದೃಷ್ಟಿಯವನೆಂದು ಹೊಗಳಿದರು. ಮೂರೂ ಸುಳ್ಳು. ಕೋಗಳಿಯ ಕುರಿಗಾರರ ಮಗ ಯರ್ರೆಪ್ಪ ತನ್ನ ಅಪ್ಪನಿಂದ ಕಲಿತ ಸಂತೆಯ ಶಿಸ್ತನ್ನು ಪಾಲಿಸುತ್ತಿದ್ದ, ಅಷ್ಟೆ.

ಆ ಕುರಿ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲಿನ ಕೆಳಗೆ ಕೈ ಇಟ್ಟು, ಬೆರಳು ಒತ್ತಿ ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಎರಡು ಮುಖ, ಆ ಮುಖಗಳಲ್ಲಿ ಮಾತ್ರ ಏನೂ ಕಾಣುತ್ತಿರಲಿಲ್ಲ. ಬೆರಳಿನ ಚೌಕಾಸಿ ಎಷ್ಟು ಹೊತ್ತು ಬೇಕಾದರೂ ನಡೆಯಬಹುದು, ಮುರಿದು ಎದ್ದು ಹೋಗಿ ಚಹಾ ಕುಡಿದು ಮತ್ತೆ ಬಂದು ಕೂರಬಹುದು. ಆದರೆ ಬೆರಳು ಬಿಟ್ಟು ಇಡೀ ಹಸ್ತವನ್ನು ಹಿಡಿದರೆಂದರೆ ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಮರಿ ಕುಂಟಿದರೂ ಕೊಂಡವನು ದೂರುವಂತಿಲ್ಲ, ಮರುವಾರ ದರ ಏರಿದರೂ ಮಾರಿದವನು ಗೊಣಗುವಂತಿಲ್ಲ. ಇಂಥ ಸಂತೆಯಲ್ಲಿ ಬಾಲ್ಯ ಕಳೆದವನು ಮಾತುಕತೆ ಮುಗಿಯುವ ಮೊದಲೇ ಎದುರಾಳಿಯ ಹಸ್ತ ಹಿಡಿಯುವುದುಂಟೆ? "ಮಾತ ಮುಗಿದಿಲ್ಲ, ಆಗ್ಲೇ ಕೈ ಹಿಡಿ ಅಂತಾರಲೇ ಅವರು" ಎಂದು ಒಮ್ಮೆ ನನ್ನೆದುರು ಬೆರಗಿನಿಂದ ಹೇಳಿದ್ದ.

ನಾವಿಬ್ಬರೂ ಹರಪನಹಳ್ಳಿಯ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ನಾನು ಕೂಡ್ಲಿಗಿಯಲ್ಲಿ ವಕೀಲನಾದೆ. ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುವುದು ನನ್ನ ಅನ್ನ. ಯರ್ರೆಪ್ಪನದು ಇದಕ್ಕೆ ತದ್ವಿರುದ್ಧ. ಹೌದು ಎಂದಾಗಲಿ ಇಲ್ಲ ಎಂದಾಗಲಿ ಅವನ ಬಾಯಿಂದ ಬಂದದ್ದನ್ನು ನಾನು ಬಹುಕಾಲ ಕೇಳಿದ್ದೇ ಇಲ್ಲ. ಯಾರು ಏನು ಕೇಳಿದರೂ ಅವನದು ಒಂದೇ ಉತ್ತರ: "ಕೇಳಿಸ್ತು." ಹಾಸ್ಟೆಲ್ಲಿನ ಅಡುಗೆಯ ಬಸಣ್ಣ "ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದರೆ "ಕೇಳಿಸ್ತು" ಎನ್ನುವನು, ಬಸಣ್ಣ ಸಿಡುಕಿ ಬುಟ್ಟಿಯನ್ನು ಮುಂದಿನವನ ತಟ್ಟೆಗೆ ಒಯ್ಯುವನು, ಇವನು ಅರೆಹೊಟ್ಟೆಯಲ್ಲಿ ಎದ್ದು ಕೈ ತೊಳೆಯುವನು. ಹೆಣ್ಣು ನೋಡಲು ಹಡಗಲಿಗೆ ಹೋದಾಗ ನಾನೂ ಜೊತೆಗಿದ್ದೆ. ಭಾವಿ ಮಾವ "ಹುಡುಗಿ ಮನಸಿಗೆ ಬಂದ್ಳೇನಪ್ಪ?" ಎಂದು ಮೆಲ್ಲಗೆ ಕೇಳಿದರು, ಇವನು "ಕೇಳಿಸ್ತುರಿ" ಎಂದ, ಪಾಪ, ಆ ಹಿರಿಯರು ವರನಿಗೆ ಕಿವಿ ಮಂದವಿರಬೇಕೆಂದು ಬಗೆದು ಅದೇ ಪ್ರಶ್ನೆಯನ್ನು ಓಣಿಗೆಲ್ಲ ಕೇಳುವಂತೆ ಮತ್ತೊಮ್ಮೆ ಕೂಗಿದರು. ಮದುವೆಯೇನೋ ಆಯಿತು. ಆದರೆ ಒಪ್ಪಿಗೆ ಕೊಟ್ಟವನು ನಾನು.

ಅವನ ನಡಿಗೆಯೂ ಹಾಗೆಯೇ. ಹಿಂಡಿನ ಹಿಂದೆ ನಡೆದು ಬೆಳೆದ ಕಾಲುಗಳಾದ್ದರಿಂದ ಯಾರ ಮುಂದೆಯೂ ಹೋಗಲಾರವು. ನಾಲ್ಕು ಜನ ಕೂಡಿ ಹೊರಟರೆ ಇವನು ತಾನಾಗಿ ಕೊನೆಗೆ ಬೀಳುತ್ತಾನೆ, ಆಗಾಗ ನಿಂತು ಎಡಬಲ ನೋಡುತ್ತಾನೆ. ದೇಶದ ನಿಯೋಗದ ಮುಖ್ಯಸ್ಥನೇ ಎಲ್ಲರಿಗಿಂತ ಹಿಂದೆ ಬರುತ್ತಿದ್ದುದರಿಂದ ಪತ್ರಿಕೆಗಳ ಚಿತ್ರದಲ್ಲಿ ಅವನು ಸಿಕ್ಕಿದ್ದು ಅಪರೂಪ. ಸಿಕ್ಕಾಗಲೂ ಜನ ಗುರುತಿಸುತ್ತಿದ್ದುದು ಮುಖದಿಂದಲ್ಲ, ಕೋಟಿನಿಂದ. ಅವನ ಅಕ್ಕ ಬೊಮ್ಮಮ್ಮ ತಾನೇ ನೂತ ಕರಿಯ ಉಣ್ಣೆಯಿಂದ ನೇಯಿಸಿದ ಕಂಬಳಿಯನ್ನು ಕೊಟ್ಟೂರಿನ ದರ್ಜಿಯೊಬ್ಬನಿಗೆ ಕೊಟ್ಟು ಹೊಲಿಸಿದ ಕೋಟು ಅದು. ಒರಟು, ಭಾರ, ಮೈಗೆ ಚುಚ್ಚುವಂಥದು. ಮಳೆಗೆ ಸಿಕ್ಕಿದರೆ ಪಕ್ಕದಲ್ಲಿ ಕೂತವರಿಗೆ ದೊಡ್ಡಿಯ ವಾಸನೆ. ತಂದೆತಾಯಿ ತೀರಿದ ಮೇಲೆ ಹಿಂಡನ್ನು ತಾನು ಕಾಯ್ದು ತಮ್ಮನನ್ನು ಶಾಲೆಗೆ ಕಳಿಸಿದವರು ಬೊಮ್ಮಮ್ಮ. ಆ ಕೋಟು ಚುಚ್ಚುತ್ತದೆಂದು ಯರ್ರೆಪ್ಪ ಹೇಳಿದ್ದನ್ನು ಅವನ ಹೆಂಡತಿಯೂ ಕೇಳಿಲ್ಲ.

ಅವನು ಸಾರ್ವಭೌಮತ್ವದ ವಿಷಯ ಮಾತಾಡಿದ್ದನ್ನು ನಾನು ಕೇಳಿದ್ದು ಒಂದೇ ಸಲ, ಕೂಡ್ಲಿಗಿಯ ನಮ್ಮ ಮನೆಯಲ್ಲಿ. ರೈತ ಸಂಘದ ಕೊಟ್ರಸ್ವಾಮಿ ಅಂದು ನಮ್ಮಲ್ಲಿಗೆ ಬಂದಿದ್ದರು. ನಿಷ್ಠುರರು, ಪ್ರಾಮಾಣಿಕರು, ಸಿಟ್ಟು ಬಂದರೆ ಹೆಗಲ ಮೇಲಿನ ಹಸಿರು ಟವೆಲನ್ನು ಜಾಡಿಸಿ ಜಾಡಿಸಿ ಮಾತಾಡುವವರು. "ಹೊರಗಿನವರ ಕೂಡ ಯಾವ ಒಪ್ಪಂದಕ್ಕ ಸಹಿ ಹಾಕಿದ್ರೂ ದೇಶ ಮಾರಿದಂಗ ನೋಡ್ರಿ" ಎಂದರು. ಯರ್ರೆಪ್ಪ ಎಂದಿನಂತೆ "ಕೇಳಿಸ್ತುರಿ" ಎಂದ. ಕೊಟ್ರಸ್ವಾಮಿ ಬಿಡಲಿಲ್ಲ. ಆಗ ಇವನು, ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತ, ದೇವರಿಗೆ ಬಿಟ್ಟ ಟಗರಿನ ಮಾತು ತೆಗೆದ. ಅವರ ಹಿಂಡಿನಲ್ಲಿ ಮೈಲಾರಲಿಂಗನ ಹೆಸರಿಗೆ ಬಿಟ್ಟ ಒಂದು ಟಗರು ಯಾವತ್ತೂ ಇರುತ್ತಿತ್ತು. ಕೊರಳಲ್ಲಿ ಗಂಟೆ, ಹಣೆಗೆ ಅರಿಶಿನದ ಭಂಡಾರ. ಹಿಂಡು ಪೂರ್ತಿ ಮಾರಾಟಕ್ಕೆ ನಿಂತ ದಿನವೂ ಅದಕ್ಕೆ ದರವಿಲ್ಲ. ಅದರ ದರ ಕೇಳಿದವನನ್ನು ಸಂತೆಯೇ ನಕ್ಕು ಕಳಿಸುತ್ತಿತ್ತು.

"ಒಂದು ಟಗರು ದೇವರದು ಅಂದ್ರ ಯಾರಾದ್ರೂ ನಂಬ್ತಾರ, ಕೈ ಮುಗೀತಾರ" ಎಂದ ಯರ್ರೆಪ್ಪ. "ಇಡೀ ಹಿಂಡು ದೇವರದು ಅಂದ್ರ, ಮತ್ತ ಸಂತಿಗೆ ಯಾಕ ಬಂದಿ ಅಂತಾರ್ರಿ."

ಕೊಟ್ರಸ್ವಾಮಿ ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಒಪ್ಪಿದರೆಂದಲ್ಲ. "ನಿಮ್ಮ ಟಗರು ಯಾವುದು ಅಂತ ಆರಿಸೋರು ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದರು. ಆ ಪ್ರಶ್ನೆ ಯರ್ರೆಪ್ಪನ ನಿವೃತ್ತಿಯ ವರ್ಷದಲ್ಲಿ ಬೇರೆ ಬಾಯಿಂದ ಮತ್ತೆ ಬಂತು.

ಆ ವರ್ಷ ಅವನು ಮಾತಾಡಬೇಕಾಗಿದ್ದುದು ಸಮುದ್ರದಾಚೆಯ ಒಂದು ದೇಶದೊಡನೆ. ಮನುಷ್ಯರಿಗಿಂತ ದನಕುರಿಗಳೇ ಹೆಚ್ಚಿರುವ ದೇಶ. ಅವರ ಹಾಲಿನ ಪುಡಿ, ಬೆಣ್ಣೆ, ಉಣ್ಣೆಗಳು ಸುಂಕವಿಲ್ಲದೆ ನಮ್ಮಲ್ಲಿಗೆ ಬರಬೇಕು. ನಮ್ಮ ಬಟ್ಟೆ, ಔಷಧಿಗಳು ಅಲ್ಲಿಗೆ ಹೋಗಬೇಕು. ಇದಲ್ಲದೆ ಅವರದೊಂದು ಷರತ್ತು: ನಮ್ಮ ಸರ್ಕಾರ ಮುಂದೆಂದಾದರೂ ಮಾಡುವ ಕಾನೂನಿನಿಂದ ಅವರ ಕಂಪನಿಗೆ ನಷ್ಟವಾದರೆ, ನಮ್ಮ ನ್ಯಾಯಾಲಯಗಳನ್ನು ಬಿಟ್ಟು ಹೊರದೇಶದ ಪಂಚಾಯತಿಯ ಮುಂದೆ ನಾವು ಕೈಕಟ್ಟಿ ನಿಲ್ಲಬೇಕು. ಈ ಷರತ್ತು ಕೇಳುತ್ತಿದ್ದುದು ಗಂಟೆ ಕಟ್ಟಿದ ಟಗರನ್ನೇ ಎಂದು ಯರ್ರೆಪ್ಪ ಮೊದಲ ದಿನವೇ ಎಣಿಸಿದ್ದ. ಹಾಲನ್ನೂ ಬಿಡುವಂತಿರಲಿಲ್ಲ, ಒಂದೆರಡು ಎಮ್ಮೆಯ ಮೇಲೆ ಬದುಕುವ ಮನೆಗಳು ಈ ದೇಶದಲ್ಲಿ ಲೆಕ್ಕವಿಲ್ಲದಷ್ಟಿವೆ. ತಿಂಗಳುಗಟ್ಟಲೆ ಜಗ್ಗಾಡಿದ ಮೇಲೆ ಎದುರಿನವರು ಎರಡನ್ನೂ ಕೈಬಿಡಲು ಸಿದ್ಧರಾದರು, ಉಣ್ಣೆಯ ಸುಂಕ ಪೂರ್ತಿ ತೆಗೆದರೆ ಮಾತ್ರ. ಮೇಲಿನವರು ತೀರ್ಮಾನವನ್ನು ಅವನಿಗೇ ಬಿಟ್ಟರು. ಕಂಬಳಿಯ ಕೋಟು ತೊಟ್ಟು ಕೂತಿದ್ದ ಯರ್ರೆಪ್ಪ ಉಣ್ಣೆಯನ್ನು ಕೊಟ್ಟ. ಅಂದು ಸಹಿಯಾದ ಮೇಲೆ, ಆ ನಿಯೋಗದ ಹಿರಿಯನ ಹಸ್ತವನ್ನು ತಾನಾಗಿ ಹಿಡಿದನಂತೆ.

ಪತ್ರಿಕೆಗಳೆಲ್ಲ ಹಾಲು ಉಳಿಯಿತೆಂದು ಬರೆದವು. ಉಣ್ಣೆಯ ಸುದ್ದಿ ಎಲ್ಲೋ ಕೊನೆಯ ಸಾಲಿನಲ್ಲಿತ್ತು, ಯಾರೂ ಅಷ್ಟು ದೂರ ಓದಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಹಾಲು ಉತ್ಪಾದಕರು ಅವನನ್ನು ಕರೆಸಿ, ಬಾಯ್ತುಂಬ ಹೊಗಳಿ, ಮಿರುಗುವ ಶಾಲು ಹೊದಿಸಿದರು. ಅವನು ವೇದಿಕೆಯ ಮೇಲೆ ಕೂತಷ್ಟು ಹೊತ್ತೂ ತನ್ನ ಹೊಗಳಿಕೆಯನ್ನು ಬೇರೆ ಯಾರದೋ ಎಂಬಂತೆ ಕೇಳುತ್ತಿದ್ದ. ಅಲ್ಲಿಂದ ಕೋಗಳಿಗೆ ನನ್ನ ಕಾರಿನಲ್ಲೇ ಹೊರಟೆವು.

"ಬೊಮ್ಮಕ್ಕಗ ಗೊತ್ತೈತೇನಲೇ?" ಎಂದು ದಾರಿಯಲ್ಲಿ ಕೇಳಿದ. ಕೋಗಳಿಯಲ್ಲಿ ಉಣ್ಣೆ ನೂಲುವ ಹೆಂಗಸರ ಸಂಘಕ್ಕೆ ಬೊಮ್ಮಮ್ಮನೇ ಮುಂದಾಳು. ಅವರ ನೂಲನ್ನು ಕೊಳ್ಳುತ್ತಿದ್ದ ಮಿಲ್ಲಿನವನು ಇನ್ನು ಮೇಲೆ ಹಡಗಿನಲ್ಲಿ ಬಂದ ಅಗ್ಗದ ಉಣ್ಣೆಯ ಕಡೆ ತಿರುಗುವುದು ಖಂಡಿತವಾಗಿತ್ತು.

ನಾನು ವಕೀಲ. "ಕೇಳಿದ್ರ ಹೇಳು, ಕೇಳದಿದ್ರ ಸುಮ್ನಿರು. ಯಾರಿಗೂ ಗೊತ್ತಾಗಲ್ಲ" ಎಂದೆ.

"ಕೇಳಿಸ್ತು" ಎಂದ.

ಬೊಮ್ಮಮ್ಮ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತಿದ್ದರು. ನೀರು ಕೊಟ್ಟು, ಕ್ಷೇಮ ವಿಚಾರಿಸಿ, ತಮ್ಮನ ಹೆಗಲ ಮೇಲಿನ ಸನ್ಮಾನದ ಶಾಲನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಇದು ಯಾವ ಕುರಿದೂ ಅಲ್ಲ ಬಿಡು" ಎಂದು ನಕ್ಕು, ಮತ್ತೆ ರಾಟೆ ತಿರುವುತ್ತ, "ಹಾಲು ಉಳಿಸ್ಕೊಂಡು ಬಂದಿ ಅಂತ ಊರೆಲ್ಲ ಅಂತೈತಿ. ಸಂತಿಗೆ ಹೋದಾವ ಬರೇ ಉಳಿಸ್ಕೊಂಡು ಬರಾಂಗಿಲ್ಲಲ್ಲೋ. ಏನು ಬಿಟ್ಟು ಬಂದಿ?" ಎಂದರು.

ಸನ್ಮಾನದ ಸಭೆಯಲ್ಲಿ ಅಷ್ಟು ಜನರಿದ್ದರೂ ಯಾರಿಗೂ ಹೊಳೆಯದಿದ್ದ ಪ್ರಶ್ನೆ. ಇವನು "ಕೇಳಿಸ್ತು" ಎನ್ನುತ್ತಾನೆಂದು ನಾನು ಕಾದೆ. ಅನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ ಕೂಡ.

"ಉಣ್ಣಿ ಬಿಟ್ಟು ಬಂದೀನಕ್ಕ" ಎಂದ ಯರ್ರೆಪ್ಪ. "ಅವರ ಉಣ್ಣಿಗೆ ಇನ್ನ ಸುಂಕ ಇಲ್ಲ."

ರಾಟೆ ನಿಂತಿತು. "ನಮ್ಮ ಉಣ್ಣಿಗೆ ಹೊಡೆತ ಬೀಳ್ತೈತೇನು?"

"ಹೌದು."

"ಯಾಕ ಕೊಟ್ಟಿ?"

"ಏನಾರ ಒಂದು ಕೊಡಬೇಕಿತ್ತಕ್ಕ. ಮಂದಿದು ಕೊಟ್ಟು ನಮ್ದು ಉಳಿಸ್ಕೊಳ್ಳಾಕ ಮನಸಾಗ್ಲಿಲ್ಲ."

"ನಮ್ದು ಅಂತಿ. ನಮ್ಮನ್ನ ಕೇಳಿದ್ಯೇನು?"

"ಇಲ್ಲ" ಎಂದ.

ಬದುಕಿನಲ್ಲಿ ಮೊದಲ ಸಲ ಅವನ ಬಾಯಿಂದ ಒಂದು ಹೌದು, ಒಂದು ಇಲ್ಲ ಬಂದವು, ಎರಡೂ ಅವನಿಗೆ ಪ್ರತಿಕೂಲವಾಗಿಯೇ ಬಂದವು. ಬೊಮ್ಮಮ್ಮ ಎದ್ದು ಒಳಗೆ ಹೋದರು. ನಾನು ನ್ಯಾಯಾಲಯಗಳಲ್ಲಿ ಮಾಡಿದ ವಾದಗಳೆಲ್ಲ ಆ ಕೊನೆಯ ಪ್ರಶ್ನೆಯ ಮುಂದೆ ಹಗುರವೆನಿಸಿದವು. ಮನೆ ಉಳಿಸುವುದಕ್ಕಾಗಿ ಮನೆಯವರ ಪಾಲನ್ನು, ಮನೆಯವರನ್ನು ಕೇಳದೆ, ಬಿಟ್ಟು ಬರುವ ಅಧಿಕಾರ ಯಾರದು? ದೇಶಕ್ಕೆ ಯಾರೂ ಆಜ್ಞೆ ಮಾಡಕೂಡದೆಂದು ಹಟ ಹಿಡಿದು ಗೆದ್ದವನೇ ಅಕ್ಕನ ರಾಟೆಯ ಮೇಲೆ ತಾನೊಬ್ಬನೇ ಆಜ್ಞೆ ಹೊರಡಿಸಿ ಬಂದಿದ್ದ. ಅವನಿಗೂ ಇದು ಗೊತ್ತಿತ್ತು. ಮುಖ ನೋಡಿದರೆ ತಿಳಿಯುತ್ತಿತ್ತು.

ರೊಟ್ಟಿ, ಪುಂಡಿ ಪಲ್ಯ, ಮೊಸರು ಬಂದವು. ಬೊಮ್ಮಮ್ಮ ಬಡಿಸಿದರು. ಇನ್ನೊಂದು ರೊಟ್ಟಿಗೆ ಯರ್ರೆಪ್ಪ ತಾನಾಗಿ ತಟ್ಟೆ ಮುಂದೆ ಹಿಡಿದ. ಹೊರಡುವ ಹೊತ್ತಿಗೆ ಅವರು ಬಾಗಿಲಿಗೆ ಬಂದು, ನಾನು ನೋಡುತ್ತಿರುವಾಗಲೇ, ಹೆಗಲ ಮೇಲಿನ ಕಂಬಳಿಯ ತುದಿಯನ್ನು ತಮ್ಮನ ಬಲಗೈಯ ಮೇಲೆ ಹಾಕಿ ತಮ್ಮ ಕೈಯನ್ನು ಅದರ ಕೆಳಗೆ ತಂದರು. ಹೆಣ್ಣುಮಕ್ಕಳು ಹೀಗೆ ಚೌಕಾಸಿಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಇಬ್ಬರ ಮುಖದಲ್ಲೂ ಏನೂ ಕಾಣಲಿಲ್ಲ. ಉಣ್ಣೆ ಕೊಟ್ಟದ್ದಕ್ಕೆ ಪ್ರತಿಯಾಗಿ ಅಕ್ಕ ಏನು ಬೇಡುತ್ತಾರೋ, ಇವನಿಂದ ಏನು ಕೊಡಲಾದೀತೋ ಎಂದು ಕಾರಿನ ಬಳಿ ನಿಂತು ನಾನು ಚಿಂತಿಸಿದೆ.

ಕಾರು ಊರು ದಾಟಿತು. ನಾನು ತಡೆಯಲಾರದೆ "ಎಷ್ಟು ಬೆರಳು ಒತ್ತಿದ್ರಲೇ?" ಎಂದು ಕೇಳಿದೆ.

"ಬೆರಳು ಒತ್ಲಿಲ್ಲ" ಎಂದ. "ನಾನು ಬೆರಳಿಗೆ ಕಾದೆ. ಅಕ್ಕ ಇಡೀ ಕೈ ಹಿಡಿದ್ಲು."

ಅಷ್ಟೇ ಆದದ್ದು. ಮಿಲ್ಲಿನವನು ಮುಂದಿನ ವರ್ಷ ಅರ್ಧ ನೂಲನ್ನಷ್ಟೇ ಕೊಂಡ, ಅದರ ಮರುವರ್ಷ ಬರಲೇ ಇಲ್ಲ. ಸಂಘದ ಕೆಲವು ಹೆಂಗಸರು ರಾಟೆ ಅಟ್ಟಕ್ಕೆ ಹಾಕಿ ಮೆಕ್ಕೆಜೋಳದ ಹೊಲಗಳಿಗೆ ಕೂಲಿಗೆ ಹೋದರು. ಉಳಿದವರು ಸಂತೆಗೆ ಕಂಬಳಿ ಹೊತ್ತು ತಾವೇ ಮಾರುತ್ತಿದ್ದಾರೆ. ನಿವೃತ್ತನಾಗಿ ಊರಿಗೆ ಬಂದ ಯರ್ರೆಪ್ಪ ಅವರ ಹಿಂದೆ ಹಿಂದೆ, ಅದೇ ಕೋಟಿನಲ್ಲಿ, ಒಂದು ಗಂಟು ಹೊತ್ತು ನಡೆಯುತ್ತಾನೆ. ನಷ್ಟ ಅವನಿಂದ ತುಂಬಿಬಂದಿಲ್ಲ, ಬರುವುದೂ ಇಲ್ಲ. ಯಾರಾದರೂ ಅವನ ಮೇಲೆ ಹರಿಹಾಯ್ದರೆ ಬೊಮ್ಮಮ್ಮ, "ಕೈ ಹಿಡಿದಾಗೈತಿ, ಇನ್ನ ಆ ಮಾತು ಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಾರಂತೆ.

ನಾಡಿನ ಪರವಾಗಿ ಪರರ ಎದುರು ಕೂರುವವರು ಎಲ್ಲ ಕಾಲಕ್ಕೂ ಇರುತ್ತಾರೆ, ಇರಲೇಬೇಕು. ಏನನ್ನೂ ಬಿಡೆನೆಂದವನು ಬರಿಗೈಯಲ್ಲಿ ಮರಳುತ್ತಾನೆ, ಎಲ್ಲವನ್ನೂ ಬಿಟ್ಟವನಿಗೆ ಮರಳಲು ಮನೆಯೇ ಉಳಿಯುವುದಿಲ್ಲ. ಇವೆರಡರ ನಡುವೆ ಯಾವುದೋ ಒಂದನ್ನು ಕೊಟ್ಟು ಬರುವುದು ಇವರ ಹಣೆಬರಹ. ಉಳಿಸಿದ್ದಕ್ಕೆ ಇವರಿಗೆ ಶಾಲು ಸಿಗುತ್ತದೆ. ಕೊಟ್ಟದ್ದು ಯಾರದೋ ಅವರ ಪಡಸಾಲೆಗೆ ನಡೆದು ಹೋಗಿ, ಕೇಳದೆ ಕೊಟ್ಟೆ ಎಂದು ಬಾಯಿಬಿಟ್ಟು ಹೇಳಿ, ಕಂಬಳಿಯ ಕೆಳಗೆ ಕೈಯಿಟ್ಟು ಕಾಯುವವರು ಮಾತ್ರ ಬಹಳ ಕಡಿಮೆ.