ರೇಡಿಯೊ ಬಾಯಿ ಮುಚ್ಚಿದ್ದು

ಹೊಲಿಗೆ ಮಿಷನ್ ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ರೇಡಿಯೊ ಅಂತಲೇ ಕರೆಯುತ್ತಿದ್ದರು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಶುರುವಾದ ಮಾತು ಶಟರ್ ಇಳಿದರೂ ನಿಲ್ಲುತ್ತಿರಲಿಲ್ಲ. ಅವಳು ಬಾಯಿ ಮುಚ್ಚುತ್ತಿದ್ದುದು ಒಂದೇ ಹೊತ್ತಿನಲ್ಲಿ. ಕೆಟ್ಟ ಮಿಷನ್ನಿನ ಚಕ್ರವನ್ನು ಮೆಲ್ಲಗೆ ತಿರುಗಿಸಿ, ಕಿವಿಗೊಟ್ಟು, ಕರಕರ ಸದ್ದು ಮೇಲೆ ಸೂಜಿಯ ಕಡೆಯಿಂದಲೋ ಕೆಳಗೆ ಬಾಬಿನ್ ಕೂರುವ ಶಟಲ್ಲಿನಿಂದಲೋ ಎಂದು ಹುಡುಕುವಾಗ. ಅದು ಗೊತ್ತಾಗದೆ ಅವಳು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ.

ಅಂಥವಳು ಒಂದು ದಿನ ಎದ್ದು ನೋಡಿದರೆ ಬಲಗಿವಿ ಪೂರ್ತಿ ಮುಚ್ಚಿಹೋಗಿತ್ತು. ಒಳಗೆ ಬರೀ ಗುಂಯ್ ಅನ್ನುವ ಸದ್ದು. ತಲೆ ಎತ್ತಿದರೆ ಕೋಣೆ ತಿರುಗುತ್ತಿತ್ತು. ಆದರೂ ಅಂಗಡಿಗೆ ಹೋದಳು, ಹಟಮಾರಿ. ಮಿಷನ್ನಿನ ಸದ್ದು ಎಡಗಿವಿಗೆ ಕೇಳಿತು, ಎಲ್ಲಿಂದ ಅಂತ ಮಾತ್ರ ತಿಳಿಯಲಿಲ್ಲ. ಸೂಜಿಯ ಕಡೆ ಬಿಚ್ಚಿ ಹರವಿದಳು, ತೊಂದರೆ ಇದ್ದದ್ದು ಶಟಲ್ಲಿನಲ್ಲಿ. ಮಿಷನ್ ತಂದಿದ್ದ ದರ್ಜಿ ಬಿಚ್ಚಿದ ಭಾಗಗಳನ್ನು ಒಂದೊಂದಾಗಿ ಆರಿಸಿ ಅವಳ ಕೈಗೆ ಕೊಟ್ಟ. ಅದೇ ಅವಳಿಗೆ ಉರಿದದ್ದು.

ಕಿವಿಯ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು. "ನಿಮಗೆ ಸಕ್ಕರೆ ಕಾಯಿಲೆ ಇದೆ, ಮಾತ್ರೆ ಕೊಟ್ರೆ ಸಕ್ಕರೆ ಏರುತ್ತೆ. ಕಿವಿ ತಮಟೆಯ ಮೂಲಕ ಒಳಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಡ್ತೀನಿ. ಕೇಳಿಸೇ ಕೇಳಿಸುತ್ತೆ ಅಂತ ಮಾತು ಕೊಡಕ್ಕಾಗಲ್ಲ. ಆಮೇಲೆ ಅರ್ಧ ಗಂಟೆ ಬಲಗಿವಿ ಮೇಲೆ ಮಾಡಿ ಮಲಗಿರ್ಬೇಕು. ಮಾತಾಡಬಾರದು, ಉಗುಳು ನುಂಗಬಾರದು. ನುಂಗಿದ್ರೆ ಔಷಧಿ ಗಂಟಲಿಗೆ ಇಳಿದುಹೋಗುತ್ತೆ."

ರೇಡಿಯೊಗೆ ಸೂಜಿ ಹೆದರಿಕೆ ತರಲಿಲ್ಲ. ಅರ್ಧ ಗಂಟೆ ಅನ್ನುವುದು ತಂದಿತು.

ಮೊದಲ ಸಲ ಜೊತೆಗೆ ಬಂದ ತಮ್ಮ ಪಕ್ಕದಲ್ಲಿ ಕೂತ. ಅವಳ ಒಳ್ಳೆಯ ಕಿವಿ ದಿಂಬಿಗೆ ಒತ್ತಿದ್ದರಿಂದ ಅವನು ಗಂಟಲು ಹರಿಯುವಂತೆ ಕೂಗಬೇಕಾಯಿತು. "ಅಕ್ಕಾ, ಸಾಕು ಮಾಡು! ತಲೆ ತಿರುಗಿ ಮಿಷನ್ ಮೇಲೆ ಬಿದ್ದೀಯ! ಅಂಗಡೀನ ಆ ಮೊಬೈಲ್ ಕವರ್ ಮಾರೋನಿಗೆ ಬಾಡಿಗೆಗೆ ಕೊಡೋಣ!"

"ಅವನ ತಲೆ!" ಅಂದುಬಿಟ್ಟಳು ರೇಡಿಯೊ. ಅಷ್ಟು ಅಂದಮೇಲೆ ಉಳಿದದ್ದನ್ನು ಬಿಡುವುದುಂಟೆ? ತಮ್ಮನ ಚಿಕ್ಕಂದಿನ ಕಿತಾಪತಿಗಳವರೆಗೂ ಹೋದಳು. ಗಂಟಲಲ್ಲಿ ಕಹಿ ಇಳಿಯಿತು. ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಉಗಿದರು. ಕಿವಿ ಇದ್ದ ಹಾಗೇ ಇತ್ತು, ಮದ್ದೆಲ್ಲ ಹೊಟ್ಟೆ ಪಾಲು.

ಮುಂದಿನ ಸಲ ತಮ್ಮ ಅಂಗಡಿಯ ಕೀಲಿಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಅವಳು ಮಗ್ಗುಲಾಗಿ ಮಲಗುವುದನ್ನೇ ಕಾದು ಬಗ್ಗಿ ಕೂಗಿದ. "ಆ ಮೊಬೈಲ್ ಕವರ್‌ನವನು ಅಂಗಡಿ ಹತ್ರ ಕಾಯ್ತಿದ್ದಾನೆ. ಇವತ್ತೇ ಕೀಲಿ ಕೊಡ್ತೀನಿ. ಸುಮ್ನಿದ್ದೀಯ ಅಂದ್ರೆ ಒಪ್ಪಿದ ಹಾಗೆ ತಾನೆ?"

ಅವಳ ಬಾಯಿ ತುಂಬ ಬೈಗುಳ, ಜೊತೆಗೆ ಉಗುಳು. ಒಂದು ಮಾತಾಡಿದರೆ ಕಿವಿ ಹೋಯಿತು, ಆಡದಿದ್ದರೆ ಅಂಗಡಿ ಹೋಯಿತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ತುಟಿ ಬಿಗಿದು, ಬಾಯಂಚಿನಿಂದ ಜೊಲ್ಲು ದಿಂಬಿನ ಮೇಲಿಟ್ಟಿದ್ದ ಹತ್ತಿಗೆ ಇಳಿಯಲು ಬಿಟ್ಟಳು. ನಾಚಿಕೆ ಪಡುವ ಹೊತ್ತು ಅದಲ್ಲ. ತಲೆ ಕದಲಿಸದೆ ಕೈ ಚಾಚಿ, ತಮ್ಮನ ಅಂಗಿಯನ್ನು ತಡಕಿ, ಜೇಬಿಗೆ ಕೈ ಹಾಕಿ ಕೀಲಿಯನ್ನು ಕಿತ್ತುಕೊಂಡಳು. ಅವನು ಮಣಿಕಟ್ಟು ಹಿಡಿದ. ಉಗುರು ನೆಟ್ಟಳು, ಬಿಟ್ಟ.

"ಏನ್ರೀ ಇದು, ಆಸ್ಪತ್ರೇಲಿ ಜಗಳಾನಾ?" ಅಂದಳು ನರ್ಸು.

"ನಾನೊಬ್ಬನೇ ಮಾತಾಡ್ತಿರೋದು ಸಿಸ್ಟರ್," ಅಂದ ತಮ್ಮ, ಕೈ ನೀವಿಕೊಳ್ಳುತ್ತ. ಕೀಲಿ ಅರ್ಧ ಗಂಟೆಯೂ ಅವಳ ಮುಷ್ಟಿಯಲ್ಲೇ ಇತ್ತು.

ಇನ್ನೂ ಕೆಲವು ಇಂಜೆಕ್ಷನ್ ಆದವು. ಒಂದು ಸಲವೂ ರೇಡಿಯೊ ಬಾಯಿ ಬಿಡಲಿಲ್ಲ. ಕಿವಿ ಪೂರ್ತಿ ಬರಲಿಲ್ಲ, ಗುಂಯ್‌ಗುಡುವುದೂ ಪೂರ್ತಿ ಹೋಗಲಿಲ್ಲ. ಆದರೂ ಅವಳು ಶಟರ್ ಎತ್ತಿದಳು. ಅದೇ ದರ್ಜಿಯನ್ನು ಇನ್ನೊಂದು ಕೆಟ್ಟ ಮಿಷನ್ ಸಮೇತ ಅವಳೇ ಕರೆಸಿದ್ದಳು, ಹಿಂದೆಯೇ ತಮ್ಮನೂ ಬಂದು ನಿಂತ. ಚಕ್ರ ತಿರುಗಿಸಿದಳು. ಬರೀ ಗಿಜಿಗಿಜಿ. ಮತ್ತೆ ತಿರುಗಿಸಿದಳು. ಮತ್ತೊಮ್ಮೆ. ಆಮೇಲೆ ಸದ್ದು ಮೆಲ್ಲಗೆ ಒಂದು ಕಡೆ ಸರಿಯಿತು. ಬಲಕ್ಕೆ, ಕೆಳಕ್ಕೆ.

ಸ್ಕ್ರೂಡ್ರೈವರ್ ತೆಗೆದು ಶಟಲ್ ಬಿಚ್ಚಿದಳು. ಸಿಕ್ಕಿಕೊಂಡಿದ್ದ ಮುರಿದ ಸೂಜಿಯ ತುದಿಯನ್ನು ದರ್ಜಿಯ ಅಂಗೈಗೆ ಹಾಕಿದಳು.

ಆಮೇಲೆ ತಮ್ಮನ ಕಡೆ ತಿರುಗಿ, ತನ್ನ ಬಲಗಿವಿಯ ಪಕ್ಕಕ್ಕೆ ಒಂದು ಸ್ಟೂಲ್ ಎಳೆದಳು. "ಇಲ್ಲಿ ಕೂತ್ಕೊಳ್ಳೋ. ಅವತ್ತು ಕೇಳಿದ್ಯಲ್ಲ, ಒಪ್ಪಿದ ಹಾಗೆ ತಾನೆ ಅಂತ? ಕೂಗ್ಬೇಡ, ಮೆಲ್ಲಗೆ ಇನ್ನೊಂದ್ಸಲ ಕೇಳು."