ಪ್ರಸ್ಥಾನದ ಚೀಲ

"ಚೀಲಾ? ಯಾವ ಚೀಲಾ ನಲಿನೀ? ನಮ್ಮನಿಗೆ ಯಾರೂ ಚೀಲಾ ತಂದಿಲ್ಲಲ್ಲಾ," ಎಂದರು ವತ್ಸಲಾಬಾಯಿ, ಊಟದ ಕೈ ಸೀರೆಗೆ ತಾಗದಂತೆ ದೂರ ಹಿಡಿದುಕೊಂಡು.

"ಹಂಗಂದ್ರ ಹೆಂಗ? ಮೊನ್ನೆ ಗುರುವಾರ ಇವರ ಕೈಲೆ ಕೊಟ್ಟು ಕಳಿಸೀನಿ. ಹಳದಿ ಚೀಲಾ. ಒಳಗ ಎಲ್ಲೆರ ಇಟ್ಟು ಮರ್ತೀರೇನು, ನೋಡ್ರಿ."

"ಗುರುವಾರ ನಾ ಮನಿ ಬಿಟ್ಟು ಹೊರಗ ಬಿದ್ದಿಲ್ಲ. ದತ್ತಾತ್ರೇಯರು ಈ ಕಡೆ ಹಾದೇ ಇಲ್ಲ."

ಕೆಳಗೆ ರಸ್ತೆಯಲ್ಲಿ ನಲಿನಿಯ ಮಗ ಅಕ್ಷಯ ಹಾರ್ನ್ ಬಾರಿಸಿದ. ಎರಡು ಗಂಟೆಯಾಗಿತ್ತು. ವಿಶಾಖಪಟ್ಟಣದ ಗಾಡಿ ಸಿಕಂದರಾಬಾದ್ ಬಿಡುವುದು ನಾಲ್ಕೂ ಮುಕ್ಕಾಲಿಗೆ. ಆದರೆ ಈ ಮನೆತನದವರು ಎರಡು ತಾಸು ಮೊದಲೇ ಸ್ಟೇಷನ್ ಸೇರದಿದ್ದರೆ ಗಾಡಿ ತಪ್ಪಿತೆಂದೇ ತಿಳಿಯುವವರು. ಅಕ್ಷಯನ ಹೆಂಡತಿ ಹರ್ಷದಾ ಮತ್ತು ಮಗಳು, ಸೊಲ್ಲಾಪುರದಿಂದ ಬಂದ ತಂಗಿ ಮೃಣಾಲಿನಿ, ಅವಳ ಗಂಡ, ಅವರ ಮಗ ಎಲ್ಲರೂ ಸಾಮಾನಿನೊಂದಿಗೆ ಆಗಲೇ ಹೋಗಿಯಾಗಿತ್ತು. ಹಾದಿಯಲ್ಲಿ ವತ್ಸಲಾಬಾಯಿಯ ಮನೆಯಿಂದ ಒಂದು ಚೀಲ ಎತ್ತಿಕೊಂಡು ಅಪ್ಪ ಅವ್ವನನ್ನು ಕರೆತರುವುದಷ್ಟೇ ಅಕ್ಷಯನ ಪಾಲಿನ ಕೆಲಸ. ಐದು ನಿಮಿಷದ್ದು ಎಂದುಕೊಂಡು ಅವನು ಎಂಜಿನ್ ಕೂಡ ಆರಿಸಿರಲಿಲ್ಲ.

ಚೀಲದಲ್ಲಿ ಅಂಥದ್ದೇನೂ ಇರಲಿಲ್ಲ. ಒಂದು ಧೋತರ, ಒಂದು ಸೀರೆ, ಹಿಡಿ ಅಕ್ಕಿ, ಅರಿಸಿನದ ಕೊಂಬು, ಅಡಿಕೆ, ಒಂದು ಬಟ್ಟಲು ಒಣ ಕೊಬ್ಬರಿ. ಆದರೆ ಅದು ಪ್ರಸ್ಥಾನದ ಚೀಲ. ಇವತ್ತು ಶನಿವಾರ, ಮೇಲೆ ಅಮಾವಾಸ್ಯೆ. ಹೊರಡಲು ಇದಕ್ಕಿಂತ ಕೆಟ್ಟ ದಿನ ಬೇಕೆಂದರೂ ಸಿಗದು. ಎಂಟು ಜನರ ರಜೆ ಹೊಂದಿಬಂದದ್ದು, ಟಿಕೆಟ್ ಸಿಕ್ಕಿದ್ದು ಮಾತ್ರ ಇದೇ ದಿನಕ್ಕೆ. ರೈಲ್ವೆಯವರೇನು ಪಂಚಾಂಗ ನೋಡಿ ಗಾಡಿ ಬಿಡುತ್ತಾರೆಯೇ? ಇಂಥ ಇಕ್ಕಟ್ಟಿಗೆ ಹಿರಿಯರು ಮಾಡಿಟ್ಟ ಉಪಾಯವೇ ಪ್ರಸ್ಥಾನ. ಅದಕ್ಕೂ ಮೊದಲಿನ ಒಳ್ಳೆಯ ದಿನ, ಒಳ್ಳೆಯ ಹೊತ್ತಿನಲ್ಲಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಒಂದು ಚೀಲ ಇಟ್ಟು ಬಂದರೆ ಮುಗಿಯಿತು, ನೀವು ಆವತ್ತೇ ಊರು ಬಿಟ್ಟಂತೆ. ಯಜಮಾನನೇ ಒಯ್ಯಬೇಕು, ಒಯ್ಯುವವನನ್ನು ಎಲ್ಲಿಗೆ ಎಂದು ಕೇಳಬಾರದು, ಇಟ್ಟ ಚೀಲ ಮತ್ತೆ ಮನೆಗೆ ಬರಬಾರದು. ದತ್ತಾತ್ರೇಯರು ಐವತ್ತು ವರ್ಷದಿಂದ ಇದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದವರು.

ನಲಿನಿ ಕಾರಿನ ಹಿಂದಿನ ಸೀಟಿನಲ್ಲಿ ಬಂದು ಕೂತರು. ವಿಷಯ ಕೇಳಿ ಅಕ್ಷಯನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು.

"ಇರ್ಲಿ ಬಿಡವ್ವಾ. ಇನ್ನೊಂದು ಚೀಲಾ ತುಂಬ್ಕೋ. ಅಂಗಡ್ಯಾಗ ಕೊಬ್ಬರಿ ಸಿಗಂಗಿಲ್ಲೇನು?"

"ನಾವು ಗುರುವಾರನೇ ಹೊಂಟೀವಪ್ಪಾ. ಹಾದ್ಯಾಗ ಚೀಲಾ ಕಳ್ಕೊಂಡು ಯಾರರೆ ಮುಂದ ಹೋಗ್ತಾರ? ಅದು ಸಿಗೂತನಾ ನಾ ಗಾಡಿ ಹತ್ತಂಗಿಲ್ಲ."

ಅವ್ವ ಹತ್ತುವುದಿಲ್ಲವೆಂದರೆ ಹತ್ತುವುದಿಲ್ಲ. ಅಕ್ಷಯ ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟತೊಡಗಿದ. ಈ ಪ್ರವಾಸ ಮೂರು ವರ್ಷದಿಂದ ಮುಂದೆ ಬೀಳುತ್ತಲೇ ಇತ್ತು. ಒಮ್ಮೆ ಪಟಾನ್‌ಚೆರುವಿನ ಅವನ ಔಷಧ ಕಾರ್ಖಾನೆಯಲ್ಲಿ ತಪಾಸಣೆ, ಒಮ್ಮೆ ಮೃಣಾಲಿನಿಯ ಮಗನ ಪರೀಕ್ಷೆ, ಇನ್ನೊಮ್ಮೆ ಯಾಕೆಂದು ಅವನಿಗೇ ನೆನಪಿಲ್ಲ. ಅವ್ವ ಎಂದೂ ಏನೂ ಬೇಡಿದವಳಲ್ಲ. ಈ ವರ್ಷ ಮಾತ್ರ, ಎಲ್ಲರೂ ಕೂಡಿ ಒಂದು ಸಲ ಹೋಗಿ ಬರೋಣ ಎಂದು ಪ್ರತಿ ಭಾನುವಾರ ಅವನು ಬಂದಾಗಲೆಲ್ಲ ಬೆನ್ನು ಹತ್ತಿದ್ದಳು. ಅಕ್ಷಯ ಊರಿನ ಆ ತುದಿಯಲ್ಲಿದ್ದವನು. ಅಪ್ಪ ಅವ್ವನಿಗೆ ಅವನು ಕೊಡುತ್ತಿದ್ದುದು ಭಾನುವಾರದ ಎರಡು ತಾಸು. ಈ ಐದು ದಿನದಲ್ಲಿ ಅದನ್ನೆಲ್ಲ ತುಂಬಿಕೊಟ್ಟುಬಿಡುತ್ತೇನೆಂದು ಅವನಿಗೆ ಹುಮ್ಮಸ್ಸು. ಎಲ್ಲಿ ಯಾವಾಗ ಫೋಟೋ ತೆಗೆಯಬೇಕು ಎಂಬುದನ್ನೂ ಬರೆದಿಟ್ಟುಕೊಂಡಿದ್ದ.

ಮುಂದಿನ ಸೀಟಿನಲ್ಲಿ ದತ್ತಾತ್ರೇಯರು ಇಸ್ತ್ರಿ ಅಂಗಿ ತೊಟ್ಟು ಕೂತು, ಕಿಟಕಿಯ ಗಾಜನ್ನು ಕೆಳಗಿಳಿಸುವುದು, ಮೇಲೇರಿಸುವುದು, ಮತ್ತೆ ಕೆಳಗಿಳಿಸುವುದು ಮಾಡುತ್ತಿದ್ದರು.

"ಅಪ್ಪಾ, ಗುರುವಾರ ಚೀಲಾ ಎಲ್ಲಿಟ್ಟಿ?"

"ಎಲ್ಲಿಡ್ತಾರ?" ಎಂದರು ಅವರು. ಇಂಥ ಪ್ರಶ್ನೆ ಕೇಳುವವನ ಬುದ್ಧಿಯ ಬಗ್ಗೆ ಅವರಿಗೆ ಬೇಸರವಾದಂತಿತ್ತು. "ಗುಂಡೇರಾಯನ ಮನ್ಯಾಗ."

ಅಕ್ಷಯ ತಿರುಗಿ ಅವ್ವನನ್ನು ನೋಡಿದ. ಅವ್ವ ಹೊರಗೆ ನೋಡುತ್ತಿದ್ದಳು. ಗುಂಡೇರಾಯರೆಂದರೆ ಬಾಲಾನಗರದ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಇನ್‌ಸ್ಪೆಕ್ಟರ್ ಆಗಿದ್ದವರು, ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು. ನಿವೃತ್ತಿಯಾಗಿ ಬೀದರಿಗೆ ಹೋದರು, ಅಲ್ಲಿಯೇ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ಹದಿಮೂರನೆಯ ದಿನಕ್ಕೆ ಅಪ್ಪನೇ ಹೋಗಿ ಊಟ ಮಾಡಿ ಬಂದಿದ್ದ.

"ಗುಂಡೇರಾವ್ ಕಾಕಾ ಈಗ…" ಎಂದು ಅಕ್ಷಯ ಶುರುಮಾಡಿದ.

"ಬಾಲಾನಗರಕ್ಕ ನಡಿ," ಎಂದರು ನಲಿನಿ ಹಿಂದಿನಿಂದ. "ಮಾತು ಬ್ಯಾಡ. ನಡಿ."

ಪ್ಯಾರಡೈಸ್ ವೃತ್ತ ದಾಟುವಷ್ಟರಲ್ಲಿ ಮೃಣಾಲಿನಿಯ ಫೋನು ಮೂರು ಸಲ ಬಂತು. ಎಲ್ಲಿದ್ದೀರಿ, ಯಾಕೆ ತಡ, ಅಲ್ಲಿಗೇಕೆ ಹೋಗುತ್ತಿದ್ದೀರಿ. ಅಕ್ಷಯ ಒಂದಕ್ಕೂ ನೆಟ್ಟಗೆ ಉತ್ತರಿಸಲಿಲ್ಲ. ತಾಡ್‌ಬಂದ್ ಸಿಗ್ನಲ್ಲಿನಲ್ಲಿ ಆಟೋದವನೊಬ್ಬನ ಮೇಲೆ ಕಾರಣವಿಲ್ಲದೆ ರೇಗಿದ, ಆಟೋದವನು ಕಾರಣ ಇಟ್ಟುಕೊಂಡು ತಿರುಗಿ ಬೈದ. ಹೋಗಬೇಕಾದದ್ದು ಪೂರ್ವಕ್ಕೆ, ಚೀಲ ಹೋಗಿ ಕೂತದ್ದು ಪಶ್ಚಿಮದಲ್ಲಿ. ನಲಿನಿಯವರಿಗೆ ಇದು ತಿಳಿದೇ ಇತ್ತು, ಆದರೂ ಅವರು ದಿಕ್ಕಿನ ಸುದ್ದಿ ಎತ್ತಲಿಲ್ಲ. ಅವ್ವ ದಿಕ್ಕು ತಪ್ಪಿದ್ದಕ್ಕೆ ಗೊಣಗದೇ ಇರುವುದು ಕಂಡು ಅಕ್ಷಯನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಕ್ವಾರ್ಟರ್ಸಿನ ಮುಂದೆ ಕಾರು ನಿಲ್ಲುವ ಮೊದಲೇ ದತ್ತಾತ್ರೇಯರು ಬೆಲ್ಟು ಬಿಚ್ಚಿದರು. ಇಳಿದು, ತಾವು ಇಪ್ಪತ್ತಾರು ವರ್ಷ ಬಾಳಿದ ಮನೆಯ ಕಡೆಗೆ ಒಮ್ಮೆ ಯಜಮಾನಿಕೆಯಿಂದ ನೋಡಿ, ಪಕ್ಕದ ಗೇಟಿಗೆ ನಡೆದರು. ಕೈಯನ್ನು ಕಂಬಿಯ ಮೇಲಿಂದ ಒಳಗೆ ಇಳಿಸಿ, ಕಾಣದ ಚಿಲಕವನ್ನು ಮೇಲೆತ್ತಿ ಎಳೆದರು. ಸಿಕಂದರಾಬಾದಿನ ಫ್ಲ್ಯಾಟಿನಲ್ಲಿ ಮೂರು ಮೆಟ್ಟಿಲಿಗೆ ಗೋಡೆ ಹಿಡಿಯುವ ಮನುಷ್ಯ ಇವನೇನಾ ಎನ್ನಿಸುವ ನಡಿಗೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಬಿಡಿಭಾಗವನ್ನು ವಾಪಸು ಕಳಿಸುತ್ತಿದ್ದ ಆ ಇನ್‌ಸ್ಪೆಕ್ಟರನನ್ನು ಅಕ್ಷಯ ಬಹಳ ವರ್ಷದ ಮೇಲೆ ನೋಡಿದ. ಸಂತೋಷ, ಸಂಕಟ ಎರಡೂ ಒಟ್ಟಿಗೆ ಬಂದವು.

ಬಾಗಿಲು ತೆರೆದವಳು ಈಗ ಆ ಮನೆಯಲ್ಲಿರುವ ಮೂವತ್ತೈದರ ತೆಲುಗು ಹೆಂಗಸು, ಶ್ರೀಲಕ್ಷ್ಮಿ. "ರಂಡಿ ಪೆದ್ದಾಯನಾ, ಕೂರ್ಚೋಂಡಿ," ಎಂದು ತೆಲುಗಿನಲ್ಲೇ ಬರಮಾಡಿಕೊಂಡು ದತ್ತಾತ್ರೇಯರಿಗೆ ವರಾಂಡದಲ್ಲಿ ಕುರ್ಚಿ ಹಾಕಿಕೊಟ್ಟಳು. ಅವರು ಮನೆಯವರಂತೆ ಕೂತು, ಗಿಡಗಳಿಗೆ ನೀರು ಕಡಿಮೆಯಾಗಿದೆ ಎಂದರು.

ಅವಳು ಒಳಗಿನಿಂದ ಹಳದಿ ಚೀಲ ತಂದು ಅಕ್ಷಯನಿಗೆ ಕೊಟ್ಟು, ದನಿ ತಗ್ಗಿಸಿ ತೆಲುಗಿನಲ್ಲಿ ಹೇಳಿದಳು. ಗುರುವಾರ ಹನ್ನೊಂದೂವರೆಗೆ ಬಂದರು. ಬಸ್ಸಿನಲ್ಲಿ ಬಂದಿರಬೇಕು, ಬೆವತುಹೋಗಿದ್ದರು. ಗುಂಡೇರಾಯ ಎಲ್ಲಿ ಎಂದು ಕೇಳಿದರು. ಅಂಥವರು ಇಲ್ಲಿ ಇಲ್ಲ ಎಂದೆ, ಮುಖ ಸಣ್ಣದಾಯಿತು. ನನಗೆ ನೋಡಲಾಗಲಿಲ್ಲ. ಡ್ಯೂಟಿಗೆ ಹೋಗಿದ್ದಾರೆ ಎಂದುಬಿಟ್ಟೆ. ಹಾಗಾದರೆ ಶನಿವಾರದವರೆಗೆ ಇದನ್ನು ಇಟ್ಟಿರಮ್ಮಾ, ಹೆಂಡತಿ, ಎರಡು ಸಣ್ಣ ಮಕ್ಕಳ ಜೊತೆ ಸಮುದ್ರಕ್ಕೆ ಹೊರಟಿದ್ದೇನೆ ಎಂದರು. ಫೋನ್ ನಂಬರು ಹುಡುಕಿದೆ, ಚೀಲದಲ್ಲಿ ಇರಲಿಲ್ಲ.

"ನೇನು ತಪ್ಪು ಚೇಸಾನಾ ಅಣ್ಣಾ?" ಎಂದು ಕೇಳಿದಳು.

ಇಲ್ಲಮ್ಮಾ, ನೀನೇನೂ ತಪ್ಪು ಮಾಡಿಲ್ಲ ಎಂದು ಅಕ್ಷಯ ಕೈಮುಗಿದ. ಅವಳು ತಂದುಕೊಟ್ಟ ಮಜ್ಜಿಗೆಯನ್ನು ದತ್ತಾತ್ರೇಯರು ನಿಧಾನವಾಗಿ ಕುಡಿಯುತ್ತಿದ್ದರು. ಅಕ್ಷಯ ಕಾರಿನ ಬಳಿ ಬಂದು, ಬಾಗಿಲು ತೆರೆದು, ಚೀಲವನ್ನು ಅವ್ವನ ಮಡಿಲಲ್ಲಿಟ್ಟ.

"ಎಷ್ಟು ದಿನಾತು?"

"ದಸರಾದಿಂದ. ಎಂಟು ತಿಂಗಳು."

"ಎಂಟು ತಿಂಗಳು! ನಾ ಪ್ರತಿ ಭಾನುವಾರ ಬರ್ತೀನಲ್ಲ."

"ಭಾನುವಾರ ಮುಂಜಾನೆ ಎದ್ದಕೂಡ್ಲೆ ಅವರಿಗೆ ಎಲ್ಲಾ ಹೇಳಿ ಕೊಡ್ತಿದ್ದೆ. ಇವತ್ತು ಅಕ್ಷಯ ಬರ್ತಾನ, ಅಕ್ಷಯ ನಿಮ್ಮ ಮಗ, ಕಾರ್ಖಾನಿ ಹೆಂಗ ನಡದದ ಅಂತ ಕೇಳ್ರಿ ಅಂತ. ಕೇಳ್ತಿದ್ರಿಲ್ಲೋ?"

ಕೇಳುತ್ತಿದ್ದರು. ಪ್ರತಿ ಭಾನುವಾರ ಅದೇ ಪ್ರಶ್ನೆ. ಅಪ್ಪನಿಗೆ ತನ್ನ ಕೆಲಸದಲ್ಲಿ ಎಷ್ಟು ಆಸಕ್ತಿ ಎಂದು ಅಕ್ಷಯ ಹರ್ಷದಾಳ ಮುಂದೆ ಹೆಮ್ಮೆಪಟ್ಟಿದ್ದ. ಈಗ ಅದನ್ನು ನೆನೆದು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಗೊತ್ತಿದ್ದೂ ಒಬ್ಬರನ್ನೇ ಕಳಿಸಿದೆಲ್ಲಾ ಅವ್ವಾ."

"ಓಣಿ ಮೂಲಿ ತನಾ ನೋಡ್ಕೋತ ನಿಂತಿದ್ದೆ. ವತ್ಸಲಾಬಾಯಿ ಮನಿಗೆ ಎರಡು ಓಣಿ ಅಷ್ಟಽ ಅಂತ…" ನಲಿನಿಯ ದನಿ ಒಡೆಯಿತು. "ಬರೂತನಾ ನನ್ನ ಜೀವ ನನ್ನ ಕೈಯಾಗಿರ್ಲಿಲ್ಲ. ಬಂದ ಮ್ಯಾಲ ಎಲ್ಲಿ ಹೋಗಿದ್ರಿ ಅಂತ ಕೇಳೂ ಹಂಗೂ ಇರ್ಲಿಲ್ಲ."

"ಸಾಕು. ಮನಿಗೆ ನಡೀರಿ. ಗಾಡಿ ಹೋಗ್ಲಿ. ಸೋಮವಾರ ಡಾಕ್ಟರಿಗೆ ತೋರಸೂಣು. ಹೊಸಾ ಊರಾಗ ಇವ ಎಲ್ಲೆರ ಹೋಗಿಬಿಟ್ರ?"

"ಇದಕ್ಕೇ ನಿನಗ ಹೇಳಿರ್ಲಿಲ್ಲ," ಎಂದರು ನಲಿನಿ. ಈಗ ದನಿಯಲ್ಲಿ ಅಳು ಇರಲಿಲ್ಲ. "ಡಾಕ್ಟರ್ ಸೋಮವಾರನೂ ಇರ್ತಾನ, ಮುಂದಿನ ಸೋಮವಾರನೂ ಇರ್ತಾನ. ಇವರು ಇರಂಗಿಲ್ಲೋ. ದಿನಾ ಒಂದಿಷ್ಟು ಕಡಿಮಿ ಆಗ್ಲಿಕ್ಕತ್ತಾರ. ನಿನ್ನೆ ನನ್ನ ಹೆಸರು ಹಿಡಿದು ಕರಿಲಿಕ್ಕೆ ಎಷ್ಟೊತ್ತು ಬೇಕಾತು ಗೊತ್ತದನು? ಪೂರಾ ಹೋಗೂದ್ರಾಗ ಒಂದ್ಸಲ ಎಲ್ಲಾರ ನಡುವ ಕೂತು ನಗೂದು ನೋಡ್ಬೇಕು ನಾನು. ಅವರಿಗೆ ನೆನಪಿರ್ಲಿಕ್ಕಂತ ಅಲ್ಲ. ನನಗ ಬೇಕದು."

ದತ್ತಾತ್ರೇಯರು ಗೇಟಿನ ಚಿಲಕ ಹಾಕಿ ಬಂದು ಕಾರಿನಲ್ಲಿ ಕೂತರು. ಹೊರಡುವಾಗ ಅಕ್ಷಯನಿಗೆ ಏನೂ ನಿಶ್ಚಯವಿರಲಿಲ್ಲ. ಸಿಕಂದರಾಬಾದು ಹತ್ತಿರವಾದಂತೆ ಎಡಕ್ಕೆ ತಿರುಗಿದರೆ ಮನೆ, ನೆಟ್ಟಗೆ ಹೋದರೆ ಸ್ಟೇಷನ್. ಎಡಕ್ಕೆಂದು ಇಂಡಿಕೇಟರ್ ಹಾಕಿದ. ಕನ್ನಡಿಯಲ್ಲಿ ಅವ್ವ ಕಂಡಳು. ಚೀಲ ತಬ್ಬಿಕೊಂಡು ಕೂತಿದ್ದಳು. ಹಿಂದಿನವರು ಹಾರ್ನ್ ಬಾರಿಸಿದರು. ಅವನು ಇಂಡಿಕೇಟರ್ ಆರಿಸಿ ನೆಟ್ಟಗೆ ಹೋದ.

ಇಷ್ಟೆಲ್ಲ ಜೀವ ತಿಂದ ಗಾಡಿ ನಲವತ್ತು ನಿಮಿಷ ತಡವಾಗಿತ್ತು. ಮೃಣಾಲಿನಿ ಅಣ್ಣನ ಮೇಲೆ ಕೂಗಾಡಲು ಬಂದವಳು, ಅವ್ವನ ಮುಖ ನೋಡಿ ಅವಳನ್ನು ಕರೆದುಕೊಂಡು ಮಕ್ಕಳಿದ್ದ ಕಡೆ ಹೋದಳು. ಅಪ್ಪ ಮಗ ಇಬ್ಬರೇ ಕಲ್ಲಿನ ಬೆಂಚಿನ ಮೇಲೆ ಕೂತರು. ದತ್ತಾತ್ರೇಯರು ಏಳುತ್ತಿದ್ದರು, ಹಳಿಯುದ್ದಕ್ಕೂ ನೋಡುತ್ತಿದ್ದರು, ಕೂಡುತ್ತಿದ್ದರು, ಮತ್ತೆ ಏಳುತ್ತಿದ್ದರು.

"ಕೂಡು ಅಪ್ಪಾ. ಇನ್ನೂ ಟೈಮ್ ಅದ."

ದತ್ತಾತ್ರೇಯರು ಅವನನ್ನು ನೋಡಿದರು. ಅಂಗಿಯ ತೋಳು ಸರಿಮಾಡಿಕೊಂಡು, ಅಪರಿಚಿತರಿಗೆ ಕೊಡುವ ಮರ್ಯಾದೆಯಿಂದ ಕೇಳಿದರು, "ನೀವೂ ವಿಶಾಖಪಟ್ಟಣಕ್ಕೇನ್ರಿ?"

ಅಪ್ಪಾ, ನಾನು ಎನ್ನಬೇಕೆಂದು ಅಕ್ಷಯ ಬಾಯಿ ತೆರೆದ. ಅಪ್ಪನ ಕಣ್ಣಿನಲ್ಲಿದ್ದ ಗಾಬರಿ ನೋಡಿ, "ಹೌದ್ರಿ," ಎಂದ.

"ಚಲೋ ಆತು. ನಮ್ಮದೂ ಅದೇ ಗಾಡಿ. ನಮ್ಮ ಹುಡುಗ ನೀರು ಕುಡದು ಬರ್ತೀನಂತ ಹೋದಾವ ಇನ್ನೂ ಬಂದಿಲ್ಲ ನೋಡ್ರಿ. ಶಾಣ್ಯಾ ಇದ್ದಾನ, ಆದ್ರ ಎಂಜಿನ್ ಕಂಡ್ರ ನೋಡ್ಕೋತ ನಿಂತುಬಿಡ್ತಾನ. ನಾ ಹೋದ್ರ ಇಲ್ಲಿ ಮನಿಯಾಕಿ ಹುಡುಕ್ತಾಳ. ನೀವು ಒಂದಿಷ್ಟು ನೋಡಿ ಬರ್ತೀರೇನು? ಅಕ್ಷಯ ಅಂತ ಹೆಸರು."

"ನೋಡಿ ಬರ್ತೀನ್ರಿ," ಎಂದು ಅಕ್ಷಯ ಎದ್ದ.

ಪ್ಲಾಟ್‌ಫಾರ್ಮಿನ ತುದಿಯ ನಲ್ಲಿಯವರೆಗೂ ನಡೆದುಹೋದ. ಅಲ್ಲಿ ಮುಖಕ್ಕೆ ನೀರು ಹಾಕಿಕೊಂಡ, ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಜನರನ್ನು ದಾಟಿಕೊಂಡು ವಾಪಸು ಬರುವಾಗ ದೂರದಿಂದಲೇ ಅಪ್ಪ ಎದ್ದು ನಿಂತದ್ದು ಕಾಣಿಸಿತು.

"ಎಷ್ಟೊತ್ತೋ!" ದತ್ತಾತ್ರೇಯರು ಅವನ ರಟ್ಟೆ ಹಿಡಿದು ಎಳೆದು ಪಕ್ಕದಲ್ಲಿ ಕೂಡಿಸಿಕೊಂಡರು. "ಗಾಡಿ ಬಂದುಬಿಟ್ಟಿದ್ರ ಏನ್ ಮಾಡ್ತಿದ್ದಿ? ಜೀವ ಹೋಗಿ ಬಂತು ನಂದು."

"ಇನ್ನ ಎಲ್ಲೂ ಹೋಗಂಗಿಲ್ಲಪ್ಪಾ," ಎಂದ ಅಕ್ಷಯ. ಅವನಿಗೆ ಅಳು ಬರುತ್ತಿತ್ತು, ನಗಬೇಕೆಂದೂ ಅನಿಸುತ್ತಿತ್ತು.

ಗಾಡಿ ಬರುತ್ತಿರುವುದನ್ನು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಸಾರಿದರು. ಜನ ಎದ್ದರು, ಪೆಟ್ಟಿಗೆಗಳು ಎದ್ದವು. ಅತ್ತ ಮೃಣಾಲಿನಿ ಕೈಬೀಸಿ ಕರೆಯುತ್ತಿದ್ದಳು. ದತ್ತಾತ್ರೇಯರು ಮಾತ್ರ ಎದ್ದ ಜಾಗದಿಂದ ಅಲುಗದೆ, ಕಾಲಬೆರಳ ಮೇಲೆ ನಿಂತು ನಲ್ಲಿಯ ಕಡೆಗೇ ನೋಡುತ್ತಿದ್ದರು.

"ನಡಿ ಅಪ್ಪಾ."

"ತಡಿಯೋ. ಪಾಪ, ಒಬ್ಬರು ನಿನ್ನ ಹುಡುಕ್ಲಿಕ್ಕೆ ಹೋಗ್ಯಾರ. ಭಾಳ ಒಳ್ಳೆ ಮನುಷ್ಯಾ. ಅವರು ಬರೂತನಾ ಹತ್ತೂದು ಬ್ಯಾಡ. ನೀನೂ ನೋಡು, ನೀಲಿ ಅಂಗಿ ಹಾಕ್ಯಾರ."

ಅಕ್ಷಯ ತನ್ನ ನೀಲಿ ಅಂಗಿಯ ಒದ್ದೆ ತೋಳಿನಿಂದ ಮುಖ ಒರೆಸಿಕೊಂಡ. ಅಪ್ಪನ ಕೈ ಹಿಡಿದುಕೊಂಡು, ಪಕ್ಕದಲ್ಲಿ ನಿಂತು, ಅವನೂ ಆ ಕಡೆ ನೋಡತೊಡಗಿದ.